ರೇಡಿಯೋ ಮೋಟಾರುಗಾಡಿಯ ವೇಗನಿಯಂತ್ರಕ

ದೂರದಲ್ಲಿ ನಿಂತು, ಯಾವ ತಂತಿಯ ಸಂಬಂಧವೂ ಇಲ್ಲದೆ, ರೇಡಿಯೋ ಅಲೆಗಳ ಮೂಲಕ ಓಡಿಸಬಹುದಾದ ಚಿಕ್ಕ ಮೋಟಾರುಗಾಡಿಗಳನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಜನರು ನೋಡಿರುವರು. ವಿಜ್ಞಾನ ಪ್ರದರ್ಶನಕ್ಕಾಗಿ ಅಂಥ ಗಾಡಿಯೊಂದನ್ನು ತಾವೇ ಕಟ್ಟಬೇಕೆಂಬ ಹಂಬಲವೂ ಮೇಲಿನ ತರಗತಿಗಳ ಕೆಲವರಲ್ಲಿ ಮೂಡಿದೆ. ಗಾಡಿಯ ಚೌಕಟ್ಟು, ಚಕ್ರಗಳು, ಹಲ್ಲುಗಾಲಿಗಳು ಇವನ್ನು ಜೋಡಿಸುವುದು ಕಷ್ಟವಲ್ಲ. ತಪ್ಪಿದರೆ ಬಿಚ್ಚಿ ಮತ್ತೆ ಜೋಡಿಸಬಹುದು. ಆದರೆ ಗಾಡಿಯ ನಡುವೆ ಕುಳಿತಿರುವ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಒಂದು ಕಪ್ಪು ಪೆಟ್ಟಿಗೆಯ ಬಳಿಗೆ ಬಂದಾಗ ಕೈ ತಡೆಯುತ್ತದೆ. ಅದರಿಂದ ಹೊರಟ ಏಳು ತಂತಿಗಳು ಎಲ್ಲೆಲ್ಲಿಗೆ ಸೇರಬೇಕು? ಅವುಗಳಲ್ಲಿ ಎರಡು ಅದಲು ಬದಲಾದರೆ ಒಂದು ಕ್ಷಣದಲ್ಲಿ ಆ ಪೆಟ್ಟಿಗೆ ಸುಟ್ಟು ಹೋಗುವುದು. ತಂದೆತಾಯಿಗಳು ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ದುಡಿದು ಕೂಡಿಟ್ಟ ಹಣ ಹೊಗೆಯಾಗುವುದಕ್ಕೆ ಅಷ್ಟು ಸಾಕು. ಬ್ಯಾಟರಿಯ ವಿಷಯದಲ್ಲಿ ಎಚ್ಚರ ತಪ್ಪಿದರಂತೂ ಮನೆಗೇ ಅಪಾಯವುಂಟು.

ಈ ಪೆಟ್ಟಿಗೆಯ ಜೊತೆಗೆ ಬರುವ ಸೂಚನಾಪತ್ರಿಕೆಯು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಬಹಳ ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದನ್ನು ಮಡಿಸಿ ಬದಿಗಿಟ್ಟು ಊಹೆಯಿಂದ ತಂತಿಗಳನ್ನು ಸೇರಿಸುವವರೇ ಹೆಚ್ಚು. ಹಾಗೆ ಮಾಡಬಾರದು. ಕಾರಣವನ್ನು ಒಮ್ಮೆ ನಮ್ಮ ನುಡಿಯಲ್ಲಿ ಚೆನ್ನಾಗಿ ತಿಳಿದುಕೊಂಡರೆ ಆ ಪತ್ರಿಕೆಯನ್ನು ಓದುವುದೂ ಸುಲಭವಾಗುವುದು. ಅದಕ್ಕಾಗಿಯೇ ಈ ಪಾಠ.

ಸ್ವಲ್ಪ ಇತಿಹಾಸ

ಅಲೆಗಳಿಂದ ದೂರದ ಕೆಲಸವನ್ನು ಮಾಡಿಸುವ ಯೋಚನೆ ಹೊಸದಲ್ಲ. ೧೮೯೪-೯೬ರ ಅವಧಿಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಗೋಡೆಯನ್ನು ದಾಟಿ ವಿದ್ಯುದಲೆಗಳನ್ನು ಕಳುಹಿಸಿ, ಆಚೆಯ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಹೊತ್ತಿಸಿ ತೋರಿಸಿದರು. ೧೮೯೮ರಲ್ಲಿ ನಿಕೋಲಾ ಟೆಸ್ಲಾ ಎಂಬ ಸುಪ್ರಸಿದ್ಧ ವಿಜ್ಞಾನಿಯು ನ್ಯೂಯಾರ್ಕ್ ನಗರದಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದ ತಿರುಗಿಸಿ ನೆರೆದ ಜನರನ್ನು ಬೆರಗುಗೊಳಿಸಿದನು. ೧೯೭೬ರಲ್ಲಿ ಜಪಾನಿನ ತಮಿಯಾ ಸಂಸ್ಥೆಯು ‘ಪೋರ್ಶೆ ೯೩೪’ ಎಂಬ ಮೋಟಾರಿನ ಮಾದರಿಯನ್ನು ರೇಡಿಯೋ ನಿಯಂತ್ರಣದೊಡನೆ ಮಾರಾಟಕ್ಕೆ ತಂದ ಮೇಲೆ ಈ ಹವ್ಯಾಸವು ಸಾಮಾನ್ಯ ಜನರ ಮನೆಗಳಿಗೂ ಬಂದಿತು.

ಗಾಡಿಯ ಅಂಗಗಳು

ವಿದ್ಯುತ್ತಿನ ಕೆಲಸಕ್ಕೆ ಸಂಬಂಧಿಸಿದ ಅಂಗಗಳು ಮುಖ್ಯವಾಗಿ ಆರು. ಕೈಯಲ್ಲಿ ಹಿಡಿಯುವ ಪ್ರೇಷಕ ಒಂದು. ಇದನ್ನು ಟ್ರಾನ್ಸ್‌ಮಿಟರ್ ಎನ್ನುವರು. ಗಾಡಿಯಲ್ಲಿದ್ದು ಅಲೆಗಳನ್ನು ಹಿಡಿಯುವ ಗ್ರಾಹಕ ಎರಡನೆಯದು, ಇದೇ ರಿಸೀವರ್. ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಸರ್ವೋ ಮೂರನೆಯದು. ಹಿಂದಿನ ಚಕ್ರಗಳನ್ನು ಉರುಳಿಸುವ ಮೋಟಾರು ನಾಲ್ಕನೆಯದು. ಶಕ್ತಿಯನ್ನು ಒದಗಿಸುವ ಬ್ಯಾಟರಿ ಐದನೆಯದು. ಬ್ಯಾಟರಿ, ಮೋಟಾರು, ಗ್ರಾಹಕ ಈ ಮೂರರ ನಡುವೆ ನಿಂತು, ಮೋಟಾರಿಗೆ ಎಷ್ಟು ಶಕ್ತಿಯನ್ನು ಯಾವ ದಿಕ್ಕಿನಲ್ಲಿ ಬಿಡಬೇಕೆಂದು ನಿರ್ಧರಿಸುವ ವೇಗನಿಯಂತ್ರಕವು ಆರನೆಯದು. ಗ್ರಾಹಕವು ಆಜ್ಞೆಯನ್ನು ತಿಳಿಸಬಲ್ಲುದೇ ಹೊರತು ಮೋಟಾರನ್ನು ನಡೆಸುವಷ್ಟು ಪ್ರವಾಹವನ್ನು ಹೊರಲಾರದು. ಬ್ಯಾಟರಿಗೆ ಶಕ್ತಿಯಿದೆ, ವಿವೇಕವಿಲ್ಲ. ಇವೆರಡನ್ನೂ ಹೊಂದಿಸುವುದೇ ನಿಯಂತ್ರಕದ ಕೆಲಸ.

ವೇಗವನ್ನು ತಗ್ಗಿಸುವ ಎರಡು ಮಾರ್ಗಗಳು

ಮೋಟಾರಿನ ವೇಗವನ್ನು ತಗ್ಗಿಸಲು ಹಿಂದೆ ಅನುಸರಿಸುತ್ತಿದ್ದ ಮಾರ್ಗವೆಂದರೆ ದಾರಿಯಲ್ಲಿ ಒಂದು ರೋಧಕವನ್ನಿಡುವುದು. ಹಳೆಯ ಆಟದ ಗಾಡಿಗಳಲ್ಲಿ ಸರ್ವೋ ಒಂದು ಲೋಹದ ತೋಳನ್ನು ಸರಿಸಿ ಈ ಕೆಲಸವನ್ನು ಮಾಡುತ್ತಿತ್ತು. ಇದರಲ್ಲಿ ನಷ್ಟವೆಷ್ಟೆಂಬುದನ್ನು ಲೆಕ್ಕ ಹಾಕೋಣ. ಬ್ಯಾಟರಿಯ ಒತ್ತಡ ೭.೨ ವೋಲ್ಟು, ಮೋಟಾರಿಗೆ ಅದರ ಅರ್ಧ, ಅಂದರೆ ೩.೬ ವೋಲ್ಟು ಮಾತ್ರ ಸಿಗಬೇಕು. ಪ್ರವಾಹ ೫ ಆಂಪಿಯರ್ ಎಂದಿಟ್ಟುಕೊಳ್ಳಿ. ಉಳಿದ ೩.೬ ವೋಲ್ಟು ರೋಧಕದಲ್ಲಿ ಕಳೆಯಬೇಕು. ೩.೬ನ್ನು ೫ರಿಂದ ಗುಣಿಸಿದರೆ ೧೮ ವಾಟ್. ಮೋಟಾರು ಪಡೆಯುವಷ್ಟೇ ಶಕ್ತಿಯು ಬರಿಯ ಶಾಖವಾಗಿ ಹೋಗುವುದು.

ಹೊಸ ಮಾರ್ಗವು ಬೇರೆ. ಇಲ್ಲಿ ದಾರಿಯನ್ನು ಇಕ್ಕಟ್ಟು ಮಾಡುವುದಿಲ್ಲ. ಪೂರ್ಣವಾಗಿ ತೆರೆದು ಪೂರ್ಣವಾಗಿ ಮುಚ್ಚುತ್ತಾರೆ, ಅದೂ ಒಂದು ಸೆಕೆಂಡಿಗೆ ಸಾವಿರ ಸಲ ಅಥವಾ ಅದಕ್ಕೂ ಹೆಚ್ಚು. ತೆರೆದ ಕಾಲವೂ ಮುಚ್ಚಿದ ಕಾಲವೂ ಸಮವಾಗಿದ್ದರೆ ಮೋಟಾರಿಗೆ ಸರಾಸರಿ ಅರ್ಧ ಒತ್ತಡ ಸಿಕ್ಕಂತಾಗುವುದು. ತೆರೆದ ಕಾಲವನ್ನು ಹೆಚ್ಚಿಸಿದಂತೆ ವೇಗವು ಹೆಚ್ಚುವುದು. ಹೀಗೆ ತೆರೆದು ಮುಚ್ಚುವ ಬಾಗಿಲುಗಳಾಗಿ ‘ಮಾಸ್‌ಫೆಟ್’ ಎಂಬ ಅರೆವಾಹಕದ ಸ್ವಿಚ್ಚುಗಳನ್ನು ಬಳಸುತ್ತಾರೆ. ಪ್ರವಾಹವು ಹಾದು ಹೋಗುವ ಎರಡು ಸ್ವಿಚ್ಚುಗಳ ರೋಧ ಒಟ್ಟು ೦.೦೦೪ ಓಮ್ ಎಂದು ಭಾವಿಸಿದರೆ, ೫ ಆಂಪಿಯರಿಗೆ ನಷ್ಟವು ೫ × ೫ × ೦.೦೦೪, ಅಂದರೆ ೦.೧ ವಾಟ್. ತೆರೆದು ಮುಚ್ಚುವ ಗಳಿಗೆಗಳಲ್ಲಿ ಇನ್ನೂ ಸ್ವಲ್ಪ ಶಾಖವು ಹುಟ್ಟುವುದಾದರೂ ಹಿಂದಿನ ೧೮ ವಾಟಿಗೆ ಇದು ಯಾವ ಲೆಕ್ಕ?

ಮುಂಬಯಿಯಲ್ಲಿರುವ ನಮಗೆ ಇದಕ್ಕೆ ದೊಡ್ಡದೊಂದು ನಿದರ್ಶನವು ಬಾಗಿಲಲ್ಲೇ ಇದೆ. ೧೯೨೫ರ ಫೆಬ್ರುವರಿ ೩ರಂದು ಬೋರಿಬಂದರಿನಿಂದ ಕುರ್ಲಾದವರೆಗೆ ಈ ದೇಶದ ಮೊದಲನೆಯ ವಿದ್ಯುತ್ ರೈಲು ಓಡಿತು. ಅದು ನಡೆದದ್ದು ೧೫೦೦ ವೋಲ್ಟಿನ ನೇರ ಪ್ರವಾಹದಿಂದ. ನೇರ ಪ್ರವಾಹದ ಆ ಹಳೆಯ ಲೋಕಲ್ ಗಾಡಿಗಳು ನಿಲ್ದಾಣದಿಂದ ಹೊರಡುವಾಗ ದೊಡ್ಡ ದೊಡ್ಡ ರೋಧಕಗಳ ಮೂಲಕ ಹೊರಟು, ವೇಗ ಏರಿದಂತೆ ಅವನ್ನು ಒಂದೊಂದಾಗಿ ಕಳಚಿಕೊಳ್ಳುತ್ತಿದ್ದವು. ಅಷ್ಟು ಶಾಖವೂ ಗಾಳಿಗೆ ಹೋಗುತ್ತಿತ್ತು. ೨೦೧೬ರ ಏಪ್ರಿಲಿನಲ್ಲಿ ಹಾರ್ಬರ್ ಮಾರ್ಗದಲ್ಲಿ ನೇರ ಪ್ರವಾಹದ ಕೊನೆಯ ಲೋಕಲ್ ಓಡಿತು. ಈಗಿನ ಗಾಡಿಗಳಲ್ಲಿ ಆ ರೋಧಕಗಳ ಕೆಲಸವನ್ನು ಅರೆವಾಹಕದ ಸ್ವಿಚ್ಚುಗಳೇ ಮಾಡುತ್ತವೆ. ಗಾಡಿ ಹೊರಡುವಾಗ ಕೇಳಿಬರುವ ಏರುದನಿಯ ಗುಂಜಾರವವು ಆ ಸ್ವಿಚ್ಚುಗಳ ಕೆಲಸದಿಂದ ಹುಟ್ಟುವುದು. ನಿಮ್ಮ ಆಟದ ಗಾಡಿಯಲ್ಲಿಯೂ, ಕಿವಿಗೊಟ್ಟು ಕೇಳಿದರೆ, ಅಂಥದೇ ಸಣ್ಣ ದನಿಯು ಕೇಳುವುದು.

ಆಜ್ಞೆಯು ತಲಪುವ ಬಗೆ

ಗ್ರಾಹಕವು ನಿಯಂತ್ರಕಕ್ಕೆ ಸ್ಪಂದಗಳ ಮೂಲಕ ಆಜ್ಞೆಯನ್ನು ಕೊಡುವುದು. ರೂಢಿಯ ಕ್ರಮದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು ೫೦ ಸ್ಪಂದಗಳು ಹೋಗುತ್ತವೆ. ಸ್ಪಂದವು ಒಂದು ಸೆಕೆಂಡಿನ ಸಾವಿರದ ಒಂದೂವರೆ ಭಾಗದಷ್ಟು, ಅರ್ಥಾತ್ ೧.೫ ಮಿಲಿಸೆಕೆಂಡ್ ಇದ್ದರೆ ‘ಸುಮ್ಮನಿರು’ ಎಂದರ್ಥ. ಅದು ೨ ಮಿಲಿಸೆಕೆಂಡಿನ ಕಡೆಗೆ ಉದ್ದವಾದರೆ ಮುಂದಕ್ಕೆ, ೧ ಮಿಲಿಸೆಕೆಂಡಿನ ಕಡೆಗೆ ಗಿಡ್ಡವಾದರೆ ತಡೆ ಅಥವಾ ಹಿಂದಕ್ಕೆ. ಸ್ಪಂದದ ಉದ್ದವನ್ನು ಅಳೆದು ಬಾಗಿಲನ್ನು ಎಷ್ಟು ಕಾಲ ತೆರೆಯಬೇಕೆಂದು ನಿಯಂತ್ರಕವು ನಿರ್ಧರಿಸುವುದು.

ಏಳು ತಂತಿಗಳ ಪರಿಚಯ

ಬ್ರಷ್ ಇರುವ ಸಾಮಾನ್ಯ ಮೋಟಾರಿನ ನಿಯಂತ್ರಕವನ್ನು ತೆಗೆದುಕೊಳ್ಳೋಣ. ಅದರ ತಂತಿಗಳು ಮೂರು ಗುಂಪು. ಮೊದಲನೆಯ ಗುಂಪು ಬ್ಯಾಟರಿಗೆ ಹೋಗುವ ಎರಡು ದಪ್ಪ ತಂತಿಗಳು: ಕೆಂಪು ಧನಾಗ್ರಕ್ಕೆ, ಕಪ್ಪು ಋಣಾಗ್ರಕ್ಕೆ. ಎರಡನೆಯ ಗುಂಪು ಮೋಟಾರಿಗೆ ಹೋಗುವ ಎರಡು ದಪ್ಪ ತಂತಿಗಳು. ಮೂರನೆಯದು ಗ್ರಾಹಕಕ್ಕೆ ಹೋಗುವ, ಮೂರು ಸಣ್ಣ ಎಳೆಗಳ ಒಂದು ಪಟ್ಟಿ. ಅದರಲ್ಲಿ ಕಪ್ಪು ಅಥವಾ ಕಂದು ಎಳೆ ಋಣ. ನಡುವಿನ ಕೆಂಪು ಧನ. ಬಿಳಿ, ಹಳದಿ ಅಥವಾ ಕಿತ್ತಳೆ ಬಣ್ಣದ್ದು ಆಜ್ಞೆಯ ಎಳೆ. ಇವಲ್ಲದೆ ಒಂದು ಸ್ವಿಚ್ಚೂ ತನ್ನ ತಂತಿಯೊಡನೆ ಬಂದಿರುವುದುಂಟು.

ಈ ಪಟ್ಟಿಯ ಕೆಂಪು ಎಳೆಯ ವಿಷಯವನ್ನು ಗಮನಿಸಬೇಕು. ಗ್ರಾಹಕಕ್ಕೂ ಸರ್ವೋಗೂ ಬೇರೆ ಬ್ಯಾಟರಿ ಬೇಡವೇ ಎಂದು ನೀವು ಕೇಳಬಹುದು. ಬಹುಪಾಲು ನಿಯಂತ್ರಕಗಳಲ್ಲಿ ದೊಡ್ಡ ಬ್ಯಾಟರಿಯ ಒತ್ತಡವನ್ನು ೫ ಅಥವಾ ೬ ವೋಲ್ಟಿಗೆ ಇಳಿಸಿಕೊಡುವ ಒಂದು ಏರ್ಪಾಡು ಉಂಟು. ಆ ಶಕ್ತಿಯು ಈ ಕೆಂಪು ಎಳೆಯಿಂದಲೇ ಗ್ರಾಹಕಕ್ಕೆ ಹೋಗಿ, ಅಲ್ಲಿಂದ ಸರ್ವೋಗೂ ಹರಿಯುವುದು. ಆದುದರಿಂದ ಗ್ರಾಹಕಕ್ಕೆ ಮತ್ತೊಂದು ಬ್ಯಾಟರಿಯನ್ನು ಸೇರಿಸಬಾರದು. ಸೇರಿಸಲೇಬೇಕಾದ ಸಂದರ್ಭದಲ್ಲಿ ನಿಯಂತ್ರಕದ ಕೆಂಪು ಎಳೆಯನ್ನು ಕೊಂಡಿಯಿಂದ ಹೊರತೆಗೆದು ಅದರ ತುದಿಗೆ ಪಟ್ಟಿ ಸುತ್ತಬೇಕು.

ಧನದ ಎಳೆಯನ್ನು ನಡುವೆ ಇಟ್ಟಿರುವುದರಲ್ಲಿಯೂ ಜಾಣತನವಿದೆ. ಕೊಂಡಿಯನ್ನು ತಿರುವು ಮುರುವಾಗಿ ಹಾಕಿದರೂ ಕೆಂಪು ಎಳೆಯು ನಡುವಿನ ಕಡ್ಡಿಗೇ ಸೇರುವುದು. ಗಾಡಿಯು ನಡೆಯದೆಂಬುದನ್ನು ಬಿಟ್ಟರೆ ಸಾಮಾನ್ಯವಾಗಿ ಹಾನಿಯಿಲ್ಲ. ಬ್ಯಾಟರಿಯ ಎರಡು ತಂತಿಗಳಲ್ಲಿ ಈ ಕ್ಷಮೆಯಿಲ್ಲ. ಅದೇಕೆ? ಹಿಂದಕ್ಕೂ ಮುಂದಕ್ಕೂ ಓಡಿಸಬಲ್ಲ ನಿಯಂತ್ರಕದಲ್ಲಿ ನಾಲ್ಕು ಕಡೆ ಸ್ವಿಚ್ಚುಗಳಿದ್ದು ಮೋಟಾರು ಅವುಗಳ ನಡುವೆ ಇರುತ್ತದೆ. ಪ್ರತಿ ಮಾಸ್‌ಫೆಟ್ಟಿನೊಳಗೂ ಒಂದು ದಿಕ್ಕಿಗೆ ಮಾತ್ರ ಪ್ರವಾಹವನ್ನು ಬಿಡುವ ಡಯೋಡ್ ಹುಟ್ಟಿನಿಂದಲೇ ಬಂದಿದೆ. ಬ್ಯಾಟರಿ ಸರಿಯಾಗಿದ್ದಾಗ ಈ ಡಯೋಡುಗಳು ಮುಚ್ಚಿದ ಬಾಗಿಲುಗಳು. ಕೆಂಪು ಕಪ್ಪುಗಳು ಅದಲು ಬದಲಾದರೆ ಅವೆಲ್ಲವೂ ತೆರೆದ ಬಾಗಿಲುಗಳಾಗಿ, ಮೋಟಾರನ್ನು ಮುಟ್ಟದೆಯೇ ಬ್ಯಾಟರಿಯ ಪೂರ್ಣ ಪ್ರವಾಹವು ಒಳಗಡೆ ನುಗ್ಗುವುದು. ಸ್ವಿಚ್ಚನ್ನು ಹಾಕದಿದ್ದರೂ ಹೀಗಾಗಬಹುದು. ಏಕೆಂದರೆ ಚಿಕ್ಕ ಸ್ವಿಚ್ಚು ನಿಯಂತ್ರಕದ ಬುದ್ಧಿಯ ಭಾಗವನ್ನು ಮಾತ್ರ ಎಚ್ಚರಿಸುವುದು, ದಪ್ಪ ತಂತಿಗಳು ಯಾವಾಗಲೂ ಸೇರಿಯೇ ಇರುವುವು.

ಕೊಳ್ಳುವ ಮೊದಲು

ನಿಯಂತ್ರಕವು ಮೋಟಾರಿಗೆ ತಕ್ಕದ್ದಾಗಿರಬೇಕು. ಹವ್ಯಾಸಿಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಹಾಬಿವಿಂಗ್ ಸಂಸ್ಥೆಯ ‘ಕ್ವಿಕ್‌ರನ್ ೧೦೬೦’ ಎಂಬುದು ಎಡೆಬಿಡದೆ ೬೦ ಆಂಪಿಯರ್ ಪ್ರವಾಹವನ್ನು ಹೊರಬಲ್ಲುದೆಂದು ತಯಾರಕರು ನಮೂದಿಸಿದ್ದಾರೆ. ಆದರೂ ೭.೨ ವೋಲ್ಟಿನ ಬ್ಯಾಟರಿಯೊಡನೆ ‘೫೪೦’ ಗಾತ್ರದ ಮೋಟಾರಿನಲ್ಲಿ ಸುರುಳಿಯ ಸುತ್ತುಗಳು ೧೨ಕ್ಕಿಂತ ಕಡಿಮೆ ಇರಕೂಡದೆಂದು ಅವರ ವಿಧಿ. ಸುತ್ತು ಕಡಿಮೆಯಾದಂತೆ ಸುರುಳಿಯ ರೋಧವು ಕಡಿಮೆಯಾಗಿ ವೇಗವೂ ಪ್ರವಾಹವೂ ಹೆಚ್ಚುವುದೇ ಇದಕ್ಕೆ ಕಾರಣ.

ತಂತಿಯ ದಪ್ಪವನ್ನೂ ಲೆಕ್ಕದಿಂದಲೇ ಆರಿಸಬೇಕು. ಅಮೆರಿಕನ್ ಗೇಜಿನ ೧೪ನೆಯ ಸಂಖ್ಯೆಯ ತಾಮ್ರದ ತಂತಿಗೆ ಮೀಟರಿಗೆ ಸುಮಾರು ೦.೦೦೮೩ ಓಮ್ ರೋಧವಿದೆ. ತೆಳುವಾದ ೨೨ನೆಯ ಸಂಖ್ಯೆಯದಕ್ಕೆ ಸುಮಾರು ೦.೦೫೩ ಓಮ್. ಹೋಗಿ ಬರುವ ದಾರಿ ಸೇರಿ ೪೦ ಸೆಂಟಿಮೀಟರ್ ತಂತಿಯಲ್ಲಿ ೨೦ ಆಂಪಿಯರ್ ಹರಿದರೆ ಮೊದಲನೆಯದರಲ್ಲಿ ಸುಮಾರು ೧.೩ ವಾಟ್, ಎರಡನೆಯದರಲ್ಲಿ ಸುಮಾರು ೮.೫ ವಾಟ್ ಶಾಖವು ಹುಟ್ಟುವುದು. ತೆಳುವಾದ ತಂತಿಯ ಮೇಲ್ಹೊದಿಕೆ ಮೆತ್ತಗಾಗಿ ಕರಗಲು ಇದು ಸಾಕು. ಗ್ರಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಸಿಲಿಕೋನ್ ಹೊದಿಕೆಯ ಮೃದುವಾದ ತಂತಿಯು ಮೀಟರಿನ ಲೆಕ್ಕದಲ್ಲಿ ದೊರೆಯುವುದು. ಅದನ್ನೇ ಕೇಳಿ ಕೊಳ್ಳಿರಿ.

ಜೋಡಣೆಯ ಕ್ರಮ

ಮೊದಲನೆಯದಾಗಿ, ಮೇಜಿನ ಮೇಲೆ ಎಲ್ಲ ಅಂಗಗಳನ್ನೂ ಹರಡಿ. ಬ್ಯಾಟರಿಯನ್ನು ಮಾತ್ರ ದೂರವಿಡಿ. ಅದನ್ನು ಸೇರಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ.

ಎರಡನೆಯದಾಗಿ, ಮೋಟಾರನ್ನು ಪರೀಕ್ಷಿಸಿ. ಬ್ರಷ್ಷುಗಳ ಕಿಡಿಯಿಂದ ಹುಟ್ಟುವ ಗದ್ದಲವು ಗ್ರಾಹಕವನ್ನು ಕೆಡಿಸದಂತೆ ೦.೧ ಮೈಕ್ರೋಫ್ಯಾರಡಿನ ಮೂರು ಕೆಪ್ಯಾಸಿಟರುಗಳಿರಬೇಕು: ಒಂದು ಎರಡು ಅಗ್ರಗಳ ನಡುವೆ, ಉಳಿದೆರಡು ಒಂದೊಂದು ಅಗ್ರದಿಂದ ಮೋಟಾರಿನ ಲೋಹದ ಕವಚಕ್ಕೆ. ಅನೇಕ ಮೋಟಾರುಗಳಲ್ಲಿ ಇವನ್ನು ಕಾರ್ಖಾನೆಯಲ್ಲಿಯೇ ಕೂರಿಸಿರುತ್ತಾರೆ. ಮೋಟಾರಿನ ಅಗ್ರಗಳಿಗೆ ಅಡ್ಡಲಾಗಿ ಷಾಟ್ಕಿ ಡಯೋಡ್ ಇದ್ದರೆ, ಹಿಂದಕ್ಕೂ ಓಡಿಸುವ ನಿಯಂತ್ರಕದೊಡನೆ ಅದನ್ನು ತೆಗೆದುಹಾಕಲೇಬೇಕು. ಹಿಂದಕ್ಕೆ ಓಡಿಸುವಾಗ ಅದು ಬರಿಯ ತಂತಿಯಂತೆ ಪ್ರವಾಹವನ್ನು ಬಿಟ್ಟು ನಿಯಂತ್ರಕವನ್ನು ಸುಡುವುದು.

ಮೂರನೆಯದಾಗಿ, ಮೋಟಾರಿನ ಎರಡು ತಂತಿಗಳನ್ನು ಬೆಸೆಯಿರಿ ಅಥವಾ ಕೊಂಡಿಗಳಿಂದ ಸೇರಿಸಿ. ಬೆಸೆಯುವಾಗ ತಂತಿಯ ತುದಿಗೂ ಅಗ್ರಕ್ಕೂ ಬೇರೆ ಬೇರೆಯಾಗಿ ಬೆಸುಗೆಯ ತವರವನ್ನು ಲೇಪಿಸಿ, ಅನಂತರ ಎರಡನ್ನೂ ಕೂಡಿಸಿ ಕಾಯಿಸಬೇಕು. ಕೂಡಿದ ಸ್ಥಳವು ಹೊಳೆಯುವಂತೆ ನುಣುಪಾಗಿರಬೇಕು. ಉಂಡೆಕಟ್ಟಿ ಮಂಕಾಗಿದ್ದರೆ ಅದು ಹುಸಿ ಬೆಸುಗೆ. ಬರಿದಾದ ಲೋಹವು ಎಲ್ಲಿಯೂ ಕಾಣದಂತೆ ಶಾಖಕ್ಕೆ ಕುಗ್ಗುವ ಕೊಳವೆಯನ್ನು ಹೊದಿಸಿ. ಈ ಕೆಲಸವನ್ನು ಹಿರಿಯರೊಬ್ಬರ ಎದುರಿನಲ್ಲಿ, ಕಿಟಕಿ ತೆರೆದು ಮಾಡತಕ್ಕದ್ದು.

ನಾಲ್ಕನೆಯದಾಗಿ, ಗ್ರಾಹಕದಲ್ಲಿ ಒಂದನೆಯ ಸ್ಥಾನಕ್ಕೆ ಸರ್ವೋವನ್ನೂ ಎರಡನೆಯ ಸ್ಥಾನಕ್ಕೆ ನಿಯಂತ್ರಕದ ಪಟ್ಟಿಯನ್ನೂ ಸೇರಿಸುವುದು ವಾಡಿಕೆ. ಗ್ರಾಹಕದ ಮೇಲೆ ಋಣದ ಗುರುತಿರುವ ಬದಿಗೆ ಕಪ್ಪು ಎಳೆ ಬರಬೇಕು.

ಐದನೆಯದಾಗಿ, ನಿಯಂತ್ರಕದ ಮೇಲಿನ ಚಿಕ್ಕ ಕೊಂಡಿಗಳನ್ನು, ಅಂದರೆ ಜಂಪರುಗಳನ್ನು, ನೋಡಿ. ಮೇಲೆ ಹೇಳಿದ ಮಾದರಿಯಲ್ಲಿ ಇವು ಎರಡು: ಒಂದು ಬ್ಯಾಟರಿಯ ಜಾತಿಯನ್ನು ತಿಳಿಸುವುದಕ್ಕೆ, ಇನ್ನೊಂದು ಹಿಂದಕ್ಕೆ ಓಡಬಹುದೇ ಬಾರದೇ ಎಂಬುದಕ್ಕೆ. ಮೊದಲನೆಯದು ಎಷ್ಟು ಮುಖ್ಯವೆಂಬುದನ್ನು ಮುಂದೆ ಹೇಳುವೆನು.

ಆರನೆಯದಾಗಿ, ಗಾಡಿಯನ್ನು ಒಂದು ಡಬ್ಬದ ಮೇಲಿಟ್ಟು ಚಕ್ರಗಳು ನೆಲಕ್ಕೆ ತಾಗದಂತೆ ಮಾಡಿ. ಬ್ಯಾಟರಿಯ ಧನ ಋಣಗಳನ್ನು ಮಲ್ಟಿಮೀಟರಿನಿಂದ ಅಳೆಯಿರಿ. ಬಣ್ಣವನ್ನು ನಂಬಬೇಡಿ, ಅಳತೆಯನ್ನು ನಂಬಿ. ಕೊಂಡಿಯನ್ನು ಬೇರೊಬ್ಬರು ಬೆಸೆದಿದ್ದರಂತೂ ಈ ಪರೀಕ್ಷೆ ಕಡ್ಡಾಯ. ಅನಂತರವೇ ಬ್ಯಾಟರಿಯನ್ನು ಸೇರಿಸಿ.

ಏಳನೆಯದಾಗಿ, ಮೊದಲು ಪ್ರೇಷಕವನ್ನು ಹೊತ್ತಿಸಿ, ಆಮೇಲೆ ಗಾಡಿಯ ಸ್ವಿಚ್ಚನ್ನು ಹಾಕಿ. ಆರಿಸುವಾಗ ಮೊದಲು ಗಾಡಿ, ಆಮೇಲೆ ಪ್ರೇಷಕ. ಆಜ್ಞೆ ಕೊಡುವವನಿಲ್ಲದ ಗಾಡಿಯು ಎಚ್ಚರವಾಗಿರಬಾರದೆಂಬುದೇ ಇದರ ತತ್ತ್ವ. ಹೊತ್ತಿಸುವಾಗ ಪ್ರೇಷಕದ ಕುದುರೆಯನ್ನು ಮುಟ್ಟಬೇಡಿ. ಕೆಲವು ನಿಯಂತ್ರಕಗಳು ಆ ಗಳಿಗೆಯ ಸ್ಪಂದವನ್ನೇ ನಡುಸ್ಥಾನವೆಂದು ಕಲಿತುಕೊಳ್ಳುವುವು. ಇನ್ನು ಕೆಲವಕ್ಕೆ ಗುಂಡಿಯನ್ನೊತ್ತಿ ನಡುಸ್ಥಾನ, ಪೂರ್ಣ ಮುಂದು, ಪೂರ್ಣ ಹಿಂದು ಈ ಮೂರನ್ನೂ ಕಲಿಸಬೇಕಾಗುವುದು.

ಗಾಡಿ ಹಿಂದುಮುಂದಾಗಿ ಓಡಿದರೆ

ಕುದುರೆಯನ್ನು ಎಳೆದಾಗ ಚಕ್ರಗಳು ಕೂಡಲೇ ವೇಗವಾಗಿ, ಆದರೆ ಹಿಂದಕ್ಕೆ ತಿರುಗಿದರೆ, ಮೋಟಾರಿನ ಎರಡು ತಂತಿಗಳನ್ನು ಪರಸ್ಪರ ಬದಲಾಯಿಸಿದರೆ ಸಾಕು. ಕುದುರೆಯನ್ನು ಎಳೆದಾಗ ಮೊದಲು ತಡೆಯಂತೆ ವರ್ತಿಸಿ, ಮತ್ತೊಮ್ಮೆ ಎಳೆದಾಗ ಮಾತ್ರ ಓಡಿದರೆ, ದೋಷವು ಪ್ರೇಷಕದಲ್ಲಿದೆ. ಅಲ್ಲಿ ಥ್ರಾಟಲ್ ಎಂದು ಬರೆದಿರುವ ‘ರಿವರ್ಸ್’ ಗುಂಡಿಯನ್ನು ಬದಲಿಸಬೇಕು. ಯಾವ ಸಂದರ್ಭದಲ್ಲಿಯೂ ಬ್ಯಾಟರಿಯ ತಂತಿಗಳನ್ನು ಬದಲಾಯಿಸಬೇಡಿ. ಮೋಟಾರಿನ ತಂತಿಗಳ ಅದಲು ಬದಲು ದಿಕ್ಕನ್ನು ತಿರುಗಿಸುವುದು. ಬ್ಯಾಟರಿಯ ತಂತಿಗಳ ಅದಲು ಬದಲು ನಿಯಂತ್ರಕವನ್ನು ನಾಶಮಾಡುವುದು.

ಬ್ರಷ್ ಇಲ್ಲದ ಮೋಟಾರಿಗೆ ಎರಡರ ಬದಲು ಮೂರು ತಂತಿಗಳಿರುವುವು. ಅದರ ನಿಯಂತ್ರಕವೂ ಬೇರೆಯೇ. ಒಂದನ್ನು ಇನ್ನೊಂದರ ಬದಲು ಬಳಸಲಾಗದು. ಸಂವೇದಕವಿಲ್ಲದ ಮಾದರಿಯಲ್ಲಿ ಮೂರರಲ್ಲಿ ಯಾವ ಎರಡನ್ನು ಬದಲಿಸಿದರೂ ದಿಕ್ಕು ತಿರುಗುವುದು. ಸಂವೇದಕವಿರುವುದರಲ್ಲಿ ಎ, ಬಿ, ಸಿ ಗುರುತುಗಳು ಒಂದಕ್ಕೊಂದು ಹೊಂದಲೇಬೇಕು.

ಬ್ಯಾಟರಿಯ ಎಚ್ಚರಿಕೆ

ಬ್ಯಾಟರಿಗಳಲ್ಲಿ ಎರಡು ಜಾತಿಗಳು ಪ್ರಚಾರದಲ್ಲಿವೆ. ನಿಕಲ್-ಮೆಟಲ್ ಹೈಡ್ರೈಡ್ ಜಾತಿಯದು ೧.೨ ವೋಲ್ಟಿನ ಆರು ಕೋಶಗಳು ಸೇರಿ ೭.೨ ವೋಲ್ಟು. ಲಿಥಿಯಂ ಪಾಲಿಮರ್ ಜಾತಿಯದು ಎರಡು ಕೋಶಗಳಿಂದ ೭.೪ ವೋಲ್ಟು, ಪೂರ್ಣ ತುಂಬಿದಾಗ ೮.೪. ಎರಡನೆಯದು ಹಗುರ, ಶಕ್ತಿಯೂ ಹೆಚ್ಚು. ಆದರೆ ಕೋಶವೊಂದರ ಒತ್ತಡವು ೩ ವೋಲ್ಟಿಗಿಂತ ಇಳಿದರೆ ಅದು ಕೆಡುವುದು, ಕೆಟ್ಟ ಕೋಶವನ್ನು ಮತ್ತೆ ತುಂಬಿಸಿದರೆ ಊದಿಕೊಂಡು ಹೊತ್ತಿಕೊಳ್ಳಬಹುದು. ಜಂಪರನ್ನು ಸರಿಯಾದ ಸ್ಥಾನದಲ್ಲಿಟ್ಟರೆ ಒತ್ತಡ ಇಳಿದಾಗ ನಿಯಂತ್ರಕವು ತಾನೇ ಮೋಟಾರನ್ನು ನಿಲ್ಲಿಸುವುದು. ಲಿಥಿಯಂ ಬ್ಯಾಟರಿಯನ್ನು ಹಾಕಿ ಜಂಪರನ್ನು ನಿಕಲ್ ಸ್ಥಾನದಲ್ಲಿಟ್ಟರೆ ಆ ಕಾವಲು ಇಲ್ಲದಂತಾಗುವುದು.

ತುಂಬಿಸುವ ವಿಷಯದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಬಹುಮಂದಿ ಒಂದೇ ಕೋಣೆಯ ಮನೆಯಲ್ಲಿ ಐದಾರು ಜನ ವಾಸಿಸುವವರು. ಅಡಿಗೆಯ ಗ್ಯಾಸೂ ಹಾಸಿಗೆಯೂ ಪುಸ್ತಕವೂ ಅಲ್ಲಿಯೇ. ಅಂಥ ಕಡೆ ಲಿಥಿಯಂ ಬ್ಯಾಟರಿಯನ್ನು ರಾತ್ರಿ ತುಂಬಲು ಇಟ್ಟು ಮಲಗುವುದು ಎಂದಿಗೂ ಸಲ್ಲದು. ಹಗಲಿನಲ್ಲಿ, ಎದುರಿಗೆ ಕುಳಿತು, ಕಲ್ಲಿನ ಅಥವಾ ಹೆಂಚಿನ ನೆಲದ ಮೇಲಿಟ್ಟು, ಕೋಶಗಳನ್ನು ಸಮತೋಲಗೊಳಿಸುವ ಲಿಥಿಯಂ ಚಾರ್ಜರಿನಿಂದಲೇ ತುಂಬಬೇಕು. ೨೦೦೦ ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ ೨ ಆಂಪಿಯರಿಗಿಂತ ಹೆಚ್ಚು ಕೊಡಬೇಡಿ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಉಪಯೋಗಿಸಬೇಡಿ. ಹೊಸದಾಗಿ ಕಲಿಯುವವರು ನಿಕಲ್ ಜಾತಿಯದನ್ನೇ ತೆಗೆದುಕೊಳ್ಳುವುದು ಲೇಸು. ಗಾಡಿಯು ಕೊಂಚ ನಿಧಾನವಾದರೇನು? ಮನೆಯವರ ನಿದ್ದೆಯು ನೆಮ್ಮದಿಯದಾಗಿರುತ್ತದೆ.

ವಿದ್ಯಾರ್ಥಿಗಳೇ, ಇಷ್ಟನ್ನು ಅರಿತ ಮೇಲೆ ಆ ಇಂಗ್ಲಿಷ್ ಸೂಚನಾಪತ್ರಿಕೆಯನ್ನು ತೆರೆದು ನೋಡಿರಿ. ಅಲ್ಲಿರುವುದು ನೀವು ತಿಳಿದಿರುವ ಸಂಗತಿಯೇ. ಹೊಸ ಪದಗಳು ಹತ್ತಿಪ್ಪತ್ತಕ್ಕಿಂತ ಹೆಚ್ಚಿರಲಾರವು. ಅವನ್ನು ಬರೆದಿಟ್ಟುಕೊಂಡು, ಅರ್ಥವನ್ನು ಕೇಳಿ ತಿಳಿದು, ಆಮೇಲೆ ತಂತಿಗೆ ಕೈಹಾಕಿರಿ.

ಅಭ್ಯಾಸಕ್ಕೆ

೧. ಗ್ರಾಹಕದಿಂದ ನೇರವಾಗಿ ಮೋಟಾರನ್ನು ಏಕೆ ನಡೆಸಲಾಗದು?
೨. ೬ ವೋಲ್ಟಿನ ಬ್ಯಾಟರಿಯಿಂದ ೪ ಆಂಪಿಯರ್ ಪ್ರವಾಹದಲ್ಲಿ ಮೋಟಾರಿಗೆ ೩ ವೋಲ್ಟು ಮಾತ್ರ ಕೊಡಬೇಕಾದರೆ ರೋಧಕದಲ್ಲಿ ಎಷ್ಟು ವಾಟ್ ನಷ್ಟವಾಗುವುದು?
೩. ಗ್ರಾಹಕದ ಕೊಂಡಿಯಲ್ಲಿ ಕೆಂಪು ಎಳೆಯು ನಡುವೆ ಇರುವುದರಿಂದ ಆಗುವ ಪ್ರಯೋಜನವೇನು?
೪. ಮೋಟಾರಿನ ತಂತಿಗಳನ್ನು ಬದಲಾಯಿಸುವುದಕ್ಕೂ ಬ್ಯಾಟರಿಯ ತಂತಿಗಳನ್ನು ಬದಲಾಯಿಸುವುದಕ್ಕೂ ಇರುವ ಭೇದವನ್ನು ಕಾರಣ ಸಹಿತ ವಿವರಿಸಿರಿ.
೫. ನಿಮ್ಮ ಮನೆಯಲ್ಲಿ ಬ್ಯಾಟರಿಯನ್ನು ತುಂಬಲು ಸುರಕ್ಷಿತವಾದ ಸ್ಥಳ ಯಾವುದು? ಮನೆಯವರೊಡನೆ ಮಾತಾಡಿ ಬರೆಯಿರಿ.